ಹಸಿರು ವಲಯದ ಬೇಸಿಗೆ

ಕೊರೊನಾದ ಮೊದಲ ಲಾಕ್‌ಡೌನ್ ನಿಮ್ಮ ಉಡುಪಿಯಲ್ಲಿ ಹೇಗಿತ್ತು ಎಂದು ಬೇರೆ ಊರಿನವರು ವಿಚಾರಿಸಿದಾಗ ನಮ್ಮವರು ಸಾಮಾನ್ಯವಾಗಿ ಕೊಡುವ ಉತ್ತರ, "ನಮಗೇನೂ ಅಂಥ ತೊಂದರೆ ಆಗಲಿಲ್ಲ" ಎನ್ನುವುದು. ಈ ಉತ್ತರ ಪೂರ್ತಿ ಸುಳ್ಳಲ್ಲ. ಆದರೆ ಅದು ಏಪ್ರಿಲ್ ತಿಂಗಳಿಗೆ ಮಾತ್ರ ಹೊಂದುವ ಮಾತು, ಅದೂ ಅಂಗಳ, ಬಾವಿ, ಹಿತ್ತಿಲು ಇದ್ದ ಮನೆಗಳ ಮಟ್ಟಿಗೆ ಮಾತ್ರ. ಕಟಪಾಡಿಯ ಸಮೀಪದ ನಮ್ಮ ಮನೆಯೂ ಅಂಥ ಮನೆಗಳಲ್ಲಿ ಒಂದಾದ್ದರಿಂದ ಆ ಉತ್ತರವನ್ನು ನಾನೂ ಹಲವು ಸಲ ಕೊಟ್ಟದ್ದುಂಟು. ಈಗ ಕೂತು ನೆನಪು ಮಾಡಿಕೊಂಡರೆ ಆ ಬೇಸಿಗೆಯಲ್ಲಿ ನಮ್ಮ ಊರಿನ ಬದುಕಿಗೆ ಪೆಟ್ಟು ಬಿದ್ದದ್ದು ನಾವು ಮನೆಯೊಳಗೆ ಕುಳಿತಿದ್ದರಿಂದಲ್ಲ, ಹೊರಗಿನ ಊರುಗಳು ಮುಚ್ಚಿಕೊಂಡದ್ದರಿಂದ ಎಂದು ಸ್ಪಷ್ಟವಾಗಿ ಕಾಣುತ್ತದೆ.

ಪ್ರಧಾನಿಯವರು 21 ದಿನಗಳ ಲಾಕ್‌ಡೌನ್ ಘೋಷಿಸಿದ್ದು 2020ರ ಮಾರ್ಚ್ 24ರ ರಾತ್ರಿ ಎಂಟಕ್ಕೆ. ಮರುದಿನ ಚಾಂದ್ರಮಾನ ಯುಗಾದಿ. ಘಟ್ಟದ ಮೇಲಿನ ಊರುಗಳಲ್ಲಿ ಅದು ದೊಡ್ಡ ಹಬ್ಬ. ನಮ್ಮ ಕಡೆ ಹೊಸ ವರ್ಷವೆಂದರೆ ಏಪ್ರಿಲ್ ಮಧ್ಯದ ಬಿಸು. ಹಾಗಾಗಿ ಹಬ್ಬದ ಗೌಜಿ ಕೆಟ್ಟಿತೆಂಬ ಬೇಸರ ಆ ದಿನ ನಮಗಿರಲಿಲ್ಲ. ಕ್ಯಾಲೆಂಡರ್ ನೋಡಿದ ಅಮ್ಮ, ಲೆಕ್ಕ ಹಾಕಿದರೆ 21 ದಿನ ಮುಗಿಯುವುದು ಸರಿಯಾಗಿ ಬಿಸುವಿನಂದೇ, ಆಗ ಎಲ್ಲರೂ ಸೇರಬಹುದು ಎಂದು ಸಮಾಧಾನ ಹೇಳಿದರು. ಮಂಗಳೂರಿನಲ್ಲಿ ಮೊದಲ ಪ್ರಕರಣ ಪತ್ತೆಯಾದದ್ದು ಜನತಾ ಕರ್ಫ್ಯೂವಿನ ದಿನ, ಮಾರ್ಚ್ 22ರಂದು; ನಮ್ಮ ಜಿಲ್ಲೆಯ ಮೊದಲ ಪ್ರಕರಣ ಆ ಯುಗಾದಿಯಂದೇ ವರದಿಯಾಯಿತು. ಎರಡೂ ಕಡೆ ಸೋಂಕು ತಗಲಿದ್ದು ದುಬೈಯಿಂದ ಬಂದವರಿಗೆ. ಊರಿನ ಪ್ರತಿ ಮೂರನೆಯ ಮನೆಯಲ್ಲಿ ಗಲ್ಫ್‌ನಲ್ಲಿಯೋ ಮುಂಬೈಯಲ್ಲಿಯೋ ಒಬ್ಬರು ಇರುವ ನಮ್ಮಂಥ ಕಡೆ ಇದು ಆಶ್ಚರ್ಯದ ಸಂಗತಿಯಾಗಿರಲಿಲ್ಲ, ಭಯದ ಸಂಗತಿಯಾಗಿತ್ತು. ಕೈಯ ಮೇಲೆ ಕ್ವಾರಂಟೈನ್ ಮುದ್ರೆ ಒತ್ತಿಸಿಕೊಂಡವರನ್ನು ಜನ ದೂರದಿಂದಲೇ ಗುರುತಿಸುತ್ತಿದ್ದರು. ಗಂಟೆಗೊಮ್ಮೆ ಮೊಬೈಲ್‌ನಲ್ಲಿ ಸೆಲ್ಫಿ ತೆಗೆದು ಸರಕಾರಕ್ಕೆ ಕಳುಹಿಸಬೇಕೆಂಬ ನಿಯಮವೂ ಬಂತು. ಅದನ್ನು ಪಾಲಿಸುತ್ತಿದ್ದ ನಮ್ಮ ಪರಿಚಿತರೊಬ್ಬರಿಗೆ ಮನೆಯ ಹಿಂದಿನ ಗುಡ್ಡಕ್ಕೆ ಹೋಗದೆ ನೆಟ್‌ವರ್ಕ್ ಸಿಗುತ್ತಿರಲಿಲ್ಲ, ಗುಡ್ಡಕ್ಕೆ ಹೋದರೆ ನಿಯಮ ಮುರಿದಂತಾಗುತ್ತಿತ್ತು.

ಉಡುಪಿ ಜಿಲ್ಲೆಯಲ್ಲಿ ದಿನಸಿ, ತರಕಾರಿ ಅಂಗಡಿಗಳಿಗೆ ಬೆಳಿಗ್ಗೆ 7ರಿಂದ 11ರವರೆಗೆ ಅವಕಾಶವಿತ್ತು. ಈ ನಾಲ್ಕು ಗಂಟೆಗಳು ನಮ್ಮ ದಿನವನ್ನು ಹೊಸದಾಗಿ ಜೋಡಿಸಿದವು. ಅಂಗಡಿಯ ಮುಂದೆ ಸುಣ್ಣದಲ್ಲಿ ಬರೆದ ಚೌಕಗಳು, ಎದುರಿಗೆ ಅಡ್ಡ ಕಟ್ಟಿದ ಹಗ್ಗ, ಹಗ್ಗದ ಆಚೆ ಮುಖಕ್ಕೆ ಬೈರಾಸು ಸುತ್ತಿಕೊಂಡ ಅಂಗಡಿಯವರು. ಮೊದಲ ವಾರ ಎಲ್ಲರೂ ಏಳಕ್ಕೇ ಹೋಗಿ ನಿಂತು ಚೌಕಗಳಿಗೆ ಅರ್ಥವಿಲ್ಲದಂತೆ ಮಾಡಿದರು. ಆಮೇಲೆ ಅಂಗಡಿಯವರೇ ಉಪಾಯ ಹುಡುಕಿ, ಹಿಂದಿನ ರಾತ್ರಿ ವಾಟ್ಸಾಪಿನಲ್ಲಿ ಪಟ್ಟಿ ಕಳುಹಿಸಿದವರಿಗೆ ಬೆಳಿಗ್ಗೆ ಚೀಲ ಕಟ್ಟಿ ಹೆಸರು ಬರೆದು ಇಡತೊಡಗಿದರು. ಪಟ್ಟಿಯಲ್ಲಿ ಬರೆದದ್ದೆಲ್ಲ ಚೀಲದಲ್ಲಿ ಇರುತ್ತಿರಲಿಲ್ಲ. ನೀರುಳ್ಳಿ, ಬಟಾಟೆ ಘಟ್ಟ ಇಳಿದು ಬರುವ ಲಾರಿಯನ್ನು ಅವಲಂಬಿಸಿದ್ದವು, ಉದ್ದಿನಬೇಳೆ ಕೆಲವು ದಿನ ಸಿಗಲೇ ಇಲ್ಲ. ಹನ್ನೊಂದು ಹೊಡೆಯುವ ಹೊತ್ತಿಗೆ ಪೊಲೀಸ್ ಜೀಪು ಹೆದ್ದಾರಿಯಲ್ಲಿ ನಿಧಾನವಾಗಿ ಹೋಗುತ್ತಿತ್ತು, ಶಟರುಗಳು ಒಂದೊಂದಾಗಿ ಇಳಿಯುತ್ತಿದ್ದವು. ಆಮೇಲೆ ಮರುದಿನದವರೆಗೆ ರಾಷ್ಟ್ರೀಯ ಹೆದ್ದಾರಿ 66 ನಮ್ಮ ಊರಿನ ನಾಯಿಗಳದ್ದು.

ಮಂಗಳೂರಿನವರ ಪಾಡು ಇದಕ್ಕಿಂತ ಬಿಗಿಯಾಗಿತ್ತು. ಮಾರ್ಚ್ ಕೊನೆಯಲ್ಲಿ ದಕ್ಷಿಣ ಕನ್ನಡ ಜಿಲ್ಲಾಡಳಿತ ದಿನಸಿ ಅಂಗಡಿಗಳನ್ನೂ ಮುಚ್ಚಿಸಿ ಪೂರ್ಣ ಬಂದ್ ಮಾಡಿತು. 31ರಂದು ಬಾಗಿಲು ತೆರೆದಾಗ ಜನ ಮಾರುಕಟ್ಟೆಗೆ ಮುಗಿಬಿದ್ದು, ಯಾವ ಜನಜಂಗುಳಿಯನ್ನು ತಪ್ಪಿಸಲು ಬಂದ್ ಮಾಡಿದ್ದರೋ ಅದೇ ಜನಜಂಗುಳಿ ಇಮ್ಮಡಿಯಾಗಿ ಬಂತು. ಮಂಗಳೂರಿನಲ್ಲಿರುವ ಚಿಕ್ಕಮ್ಮ ಆ ದಿನ ಫೋನಿನಲ್ಲಿ ಹೇಳಿದ್ದು ಬಹುಮಟ್ಟಿಗೆ ಬೈಗುಳ, ಅದನ್ನು ಇಲ್ಲಿ ಬರೆಯುವಂತಿಲ್ಲ. ಆಕೆಯ ಮನೆಗೂ ನಮ್ಮ ಮನೆಗೂ ಮಧ್ಯೆ ಒಂದು ಗಂಟೆಯ ದಾರಿ. ಆದರೆ ಹೆಜಮಾಡಿಯಲ್ಲಿ ಎರಡು ಜಿಲ್ಲೆಗಳ ಗಡಿ, ಗಡಿಯಲ್ಲಿ ತಪಾಸಣೆ. ಪಾಸ್ ಇಲ್ಲದೆ ದಾಟುವಂತಿರಲಿಲ್ಲ. ಬೆಳಿಗ್ಗೆ ಮಂಗಳೂರಿಗೆ ಹೋಗಿ ಸಂಜೆ ಉಡುಪಿಗೆ ಮರಳುವುದನ್ನೇ ಬದುಕಾಗಿ ಮಾಡಿಕೊಂಡಿದ್ದ ನಮ್ಮವರಿಗೆ ಅಲ್ಲೊಂದು ಗಡಿಯಿದೆ ಎಂಬುದು ಮೊದಲ ಬಾರಿಗೆ ಅನುಭವಕ್ಕೆ ಬಂತು.

ಇಷ್ಟೆಲ್ಲ ಇದ್ದರೂ ನಮ್ಮ ಮನೆಯಲ್ಲಿ ಊಟಕ್ಕೆ ಕೊರತೆಯಾಗಲಿಲ್ಲ. ಕಾರಣ ಕರಾವಳಿಯ ಹಳೆಯ ಅಭ್ಯಾಸ. ಆಟಿ ತಿಂಗಳ ಮಳೆಯಲ್ಲಿ ಹೊರಗೆ ಕಾಲಿಡಲಾಗದ, ಕೈಯಲ್ಲಿ ಕಾಸೂ ಇಲ್ಲದ ಕಾಲಕ್ಕಾಗಿ ಬೇಸಿಗೆಯಲ್ಲಿಯೇ ಕೂಡಿಡುವುದನ್ನು ಇಲ್ಲಿಯ ಮನೆಗಳು ತಲೆಮಾರುಗಳಿಂದ ಮಾಡುತ್ತ ಬಂದಿವೆ. ಕುಚ್ಚಲಕ್ಕಿ ಇರುತ್ತದೆ, ಹುಣಸೆಹುಳಿ ಇರುತ್ತದೆ, ಮಾರ್ಚ್‌ನಲ್ಲಿ ಒಣಗಿಸಿದ ಮೆಣಸು ಇರುತ್ತದೆ, ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಿದ ಸೌತೆಕಾಯಿ ಅಟ್ಟದಲ್ಲಿ ತಿಂಗಳುಗಟ್ಟಲೆ ಕೆಡದೆ ಇರುತ್ತದೆ. "ಮಳೆಗಾಲ ಎರಡು ತಿಂಗಳು ಬೇಗ ಬಂದಿದೆ ಎಂದುಕೊಂಡರಾಯಿತು" ಎಂದರು ಅಮ್ಮ. ಹಿತ್ತಿಲಿನ ಬಸಳೆ, ತೊಂಡೆಕಾಯಿ, ಹರಿವೆ, ಮರದ ಗುಜ್ಜೆ (ಎಳೆ ಹಲಸು), ಬಾವಿಕಟ್ಟೆಯ ಬಳಿಯ ಒಂದೆಲಗ, ಇವುಗಳಲ್ಲಿ ಒಂದೊಂದು ದಿನ ಒಂದೊಂದು. ನಮ್ಮ ಕಡೆಯ ಬದನೆಯಾದ ಮಟ್ಟುಗುಳ್ಳ ಆ ಏಪ್ರಿಲ್‌ನಲ್ಲಿ ಸಿಕ್ಕಷ್ಟು ಸಲೀಸಾಗಿ ನನ್ನ ನೆನಪಿನಲ್ಲಿ ಯಾವತ್ತೂ ಸಿಕ್ಕಿದ್ದಿಲ್ಲ. ಮದುವೆಗಳೂ ಹೊಟೇಲುಗಳೂ ಇಲ್ಲದ ಮೇಲೆ ಬೆಳೆದವರು ಅದನ್ನು ಸೈಕಲ್ಲಿನಲ್ಲಿ ಹೇರಿಕೊಂಡು ಮನೆಮನೆಗೆ ಬರುತ್ತಿದ್ದರು. ನಾವು ಹುಳಿ, ಪಲ್ಯ, ಬಜ್ಜಿ ಮಾಡಿಕೊಂಡು ತಿಂದೆವು. ನಮ್ಮ ಆ ಸುಭಿಕ್ಷ ಅವರ ನಷ್ಟದಿಂದ ಬಂದದ್ದು.

ಹಲಸಿನ ಹಪ್ಪಳದ ಬಗ್ಗೆ ಸ್ವಲ್ಪ ವಿಸ್ತಾರವಾಗಿ ಹೇಳಬೇಕು, ಯಾಕೆಂದರೆ ಆ ಏಪ್ರಿಲ್‌ನಲ್ಲಿ ನಮ್ಮ ಮನೆಯ ಮನಸ್ಸುಗಳು ನೆಟ್ಟಗಿದ್ದದ್ದು ಬಹುಮಟ್ಟಿಗೆ ಅದರಿಂದ. ಬೆಳೆದ ಆದರೆ ಹಣ್ಣಾಗದ ಹಲಸಿನ ಸೊಳೆಗಳನ್ನು ಬಿಡಿಸಿ, ಹಬೆಯಲ್ಲಿ ಬೇಯಿಸಿ, ಬಿಸಿ ಇರುವಾಗಲೇ ಉಪ್ಪು, ಮೆಣಸು, ಜೀರಿಗೆ ಸೇರಿಸಿ ಕುಟ್ಟಿ ಹಿಟ್ಟು ಮಾಡಬೇಕು. ತಣಿದರೆ ಹಿಟ್ಟು ಹೇಳಿದ ಮಾತು ಕೇಳುವುದಿಲ್ಲ. ಒಬ್ಬರು ಉಂಡೆ ಕಟ್ಟಬೇಕು, ಒಬ್ಬರು ಎಣ್ಣೆ ಸವರಿದ ಪ್ಲಾಸ್ಟಿಕ್ ಹಾಳೆಗಳ ನಡುವೆ ಇಟ್ಟು ಮಣೆಯಿಂದ ಒತ್ತಬೇಕು, ಒಬ್ಬರು ಹರಿಯದಂತೆ ಎತ್ತಿ ಚಾಪೆಯ ಮೇಲೆ ಹರವಬೇಕು, ಕಾಗೆಯನ್ನು ಓಡಿಸಲು ಇನ್ನೊಬ್ಬರು. ಬೇರೆ ವರ್ಷಗಳಲ್ಲಿ ಅಕ್ಕಪಕ್ಕದ ಮನೆಯ ಹೆಂಗಸರು ಸೇರಿ ಮಾಡುತ್ತಿದ್ದ ಕೆಲಸವಿದು, ಇವತ್ತು ನಮ್ಮ ಮನೆಯಲ್ಲಿ, ನಾಳೆ ಅವರ ಮನೆಯಲ್ಲಿ. ಆ ವರ್ಷ ಯಾರೂ ಯಾರ ಮನೆಗೂ ಹೋಗುವಂತಿಲ್ಲದ್ದರಿಂದ ಮನೆಯ ಗಂಡಸರೂ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಂದೆ ಹೋಗಿ ಕಂಗಾಲಾಗಿ ಕುಳಿತಿದ್ದ ಅಣ್ಣನ ಮಗಳೂ ಕೆಲಸಕ್ಕೆ ನಿಲ್ಲಬೇಕಾಯಿತು. ಮಾರ್ಚ್ 27ಕ್ಕೆ ಶುರುವಾಗಬೇಕಿದ್ದ ಅವಳ ಪರೀಕ್ಷೆ ಕೊನೆಗೆ ನಡೆದದ್ದು ಜೂನ್ 25ರಿಂದ; ಈ ಮೂರು ತಿಂಗಳು ಅದೇ ಪುಸ್ತಕಗಳನ್ನು ಮತ್ತೆ ಮತ್ತೆ ಓದಿದ ಆ ಮಕ್ಕಳ ಸಂಕಟದ ಬಗ್ಗೆ ಯಾರೂ ಹೆಚ್ಚು ಬರೆದಂತಿಲ್ಲ. ನನ್ನ ಕಣ್ಣೆದುರಿಗೆ ಅವಳು ಒತ್ತಿದ ಹಪ್ಪಳಗಳು ಮೊದಲು ಕೇರಳದ ನಕ್ಷೆಯಂತಿದ್ದು ಕ್ರಮೇಣ ದುಂಡಗಾದವು.

ಮೀನಿನ ವಿಷಯ ಬೇರೆ. ಮಲ್ಪೆ ಬಂದರು ನಿಂತುಹೋದ ಮೇಲೆ ಬಂಗುಡೆ, ಭೂತಾಯಿಯ ಬುಟ್ಟಿ ಹೊತ್ತು ಬರುವ ಮೀನುಗಾರ ಮಹಿಳೆಯರ ಕೂಗು ಕೇಳಿಸಲಿಲ್ಲ. ಒಣಮೀನು ಇದ್ದವರು ಅದನ್ನು ಚಿನ್ನದಂತೆ ಎತ್ತಿಟ್ಟರು, ಉದ್ಯಾವರ ಹೊಳೆಯ ಮರುವಾಯಿ ಚಿಪ್ಪು ಸಿಕ್ಕ ದಿನ ಹಬ್ಬ. ಏಪ್ರಿಲ್‌ನಲ್ಲಿ ಮೀನುಗಾರಿಕೆಗೆ ಕೇಂದ್ರದ ವಿನಾಯಿತಿ ಬಂದರೂ ದೊಡ್ಡ ಬೋಟುಗಳು ಕೂಡಲೇ ಕಡಲಿಗಿಳಿಯುವುದು ಸಾಧ್ಯವಿರಲಿಲ್ಲ: ಮಂಜುಗಡ್ಡೆ ಬೇಕು, ಹರಾಜಿಗೆ ಜನ ಸೇರಬೇಕು, ಹೊರ ರಾಜ್ಯಗಳಿಂದ ಬಂದ ಕಾರ್ಮಿಕರು ಬೋಟುಗಳಲ್ಲಿಯೇ ಸಿಕ್ಕಿಕೊಂಡಿದ್ದರು. ಬೇಸಿಗೆಯ ಮೀನುಗಾರಿಕೆ ನಿಂತದ್ದಕ್ಕೆ ಪರಿಹಾರವೆಂಬಂತೆ ಆ ವರ್ಷದ ಮಳೆಗಾಲದ ನಿಷೇಧವನ್ನು ಜೂನ್ 1ರ ಬದಲು ಜೂನ್ 15ರಿಂದ ಆರಂಭಿಸಿ 47 ದಿನಗಳಿಗೆ ಇಳಿಸಿದರು. ಜೂನ್ ಮೊದಲಾರ್ಧದ ಕಡಲು ಹೇಗಿರುತ್ತದೆಂದು ಬಲ್ಲವರು ಈ ಉದಾರತೆಗೆ ನಕ್ಕರು.

ಶಂಕರಪುರದ ಮಲ್ಲಿಗೆಯ ಬಗ್ಗೆ ನಗುವಂಥದ್ದು ಏನೂ ಇರಲಿಲ್ಲ. ನಮ್ಮ ಮನೆಯಿಂದ ಶಂಕರಪುರಕ್ಕೆ ಹೋಗುವ ದಾರಿಯ ಎರಡೂ ಬದಿಯ ಮನೆಗಳಲ್ಲಿ, ಹಿಂದೂ ಕ್ರೈಸ್ತ ಎಂಬ ಭೇದವಿಲ್ಲದೆ, ಅಂಗಳದ ಸುತ್ತ ಮಲ್ಲಿಗೆ ಗಿಡಗಳು. ಬೆಳಗಿನ ಜಾವ ಮೊಗ್ಗು ಕೊಯ್ದು, ಜಗಲಿಯಲ್ಲಿ ಕುಳಿತು, ಒದ್ದೆ ಬಾಳೆನಾರಿನಲ್ಲಿ ಒತ್ತೊತ್ತಾಗಿ ಕಟ್ಟಿ ಬೆಳಿಗ್ಗೆಯೇ ಏಜೆಂಟರ ಕೈಗೆ ಒಪ್ಪಿಸಬೇಕು. 800 ಹೂವಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ, ಅಂದರೆ 3,200 ಹೂವು. ಅಟ್ಟೆಯ ಆ ದಿನದ ದರ ಶಂಕರಪುರದಲ್ಲಿ ಗೊತ್ತಾಗುತ್ತದೆ. ಹೂವು ಉಡುಪಿ, ಮಂಗಳೂರು ದಾಟಿ ಮುಂಬೈಗೆ, ಅಲ್ಲಿಂದಾಚೆ ಗಲ್ಫ್‌ಗೆ ಹೋಗುತ್ತದೆ. ಏಪ್ರಿಲ್, ಮೇ ಎಂದರೆ ಹೂವೂ ಹೇರಳ, ಮದುವೆ, ದೈವಗಳ ನೇಮ, ದೇವಸ್ಥಾನಗಳ ಬ್ರಹ್ಮಕಲಶಗಳೂ ಹೇರಳ. ಮಕ್ಕಳ ಶಾಲಾ ಫೀಸು, ಮಳೆಗಾಲಕ್ಕೆ ಮೊದಲು ಮಾಡಿಸಬೇಕಾದ ಮನೆಯ ಮಾಡಿನ (ಸೂರಿನ) ದುರಸ್ತಿ, ಎಲ್ಲವೂ ಈ ಎರಡು ತಿಂಗಳ ಹೂವಿನ ಮೇಲೆ ನಿಂತಿರುತ್ತದೆ.

ಆ ಎರಡು ತಿಂಗಳು ದೇವಸ್ಥಾನಗಳು ಮುಚ್ಚಿದ್ದವು, ಮದುವೆಗಳು ಮುಂದೆ ಹೋದವು, ರೈಲು, ಬಸ್ಸು, ವಿಮಾನ ಒಂದೂ ಇಲ್ಲ. ನಮ್ಮ ನೆರೆಯ ಅಕ್ಕ ಆದರೂ ದಿನಾ ಮೊಗ್ಗು ಕೊಯ್ಯುತ್ತಿದ್ದರು, ಬಿಟ್ಟರೆ ಗಿಡಕ್ಕೆ ಒಳ್ಳೆಯದಲ್ಲ ಎಂದು. ಮೊದಮೊದಲು ಕಟ್ಟಿ ನಮಗೂ ಸುತ್ತಮುತ್ತಲಿನವರಿಗೂ ಕೊಟ್ಟರು. ಒಂದು ವಾರ ನಮ್ಮ ದೇವರ ಪಟಗಳು ಮುಖ ಕಾಣಿಸದಷ್ಟು ಹೂವು ಮುಡಿದವು. ಆಮೇಲೆ ಕಟ್ಟುವುದನ್ನು ಬಿಟ್ಟು ಬಿಡಿ ಹೂವನ್ನು ಗಿಡದ ಬುಡಕ್ಕೇ ಸುರಿದರು. ಮೇ 6ರಂದು ರಾಜ್ಯ ಸರಕಾರ 1,610 ಕೋಟಿ ರೂಪಾಯಿಗಳ ಪ್ಯಾಕೇಜ್ ಘೋಷಿಸಿ ಹೂವು ಬೆಳೆಗಾರರಿಗೆ ಹೆಕ್ಟೇರಿಗೆ 25,000 ರೂಪಾಯಿ ಎಂದಿತು. ಬಯಲುಸೀಮೆಯ ಸೇವಂತಿಗೆ ಹೊಲಕ್ಕೆ ಆ ಲೆಕ್ಕ ಸರಿ. ಬಾವಿಕಟ್ಟೆಗೂ ದನದ ಕೊಟ್ಟಿಗೆಗೂ ನಡುವೆ ನೆಟ್ಟ ಹತ್ತಿಪ್ಪತ್ತು ಗಿಡಗಳಿಗೆ ಎಷ್ಟು ಹೆಕ್ಟೇರು? ಆ ಅಕ್ಕ ಅರ್ಜಿ ಹಾಕಲು ಹೋಗಲೇ ಇಲ್ಲ. ಅದೇ ಮನೆಯಲ್ಲಿ ಸೊಸೆ ಬೀಡಿ ಕಟ್ಟುವವಳು. ಬೀಡಿ ಕಂಪನಿಯ ಬ್ರಾಂಚಿನಿಂದ ಎಲೆ, ತಂಬಾಕು ಬರುವುದು ನಿಂತು ಆ ಸಂಪಾದನೆಯೂ ಇಲ್ಲವಾಗಿತ್ತು. ಪಡಿತರದ ಅಕ್ಕಿ ಬಂದದ್ದರಿಂದ ಅವರ ಒಲೆ ಉರಿಯಿತು ಎಂದರೆ ಅತಿಶಯೋಕ್ತಿಯಲ್ಲ.

ಬಾಡಿಗೆಯ ಒಂದೇ ಕೋಣೆಯಲ್ಲಿ ಇದ್ದವರಿಗೆ ಗಿಡವೂ ಇಲ್ಲ, ಬಾವಿಯೂ ಇಲ್ಲ. ಕಟ್ಟಡ ಕೆಲಸಕ್ಕೆ ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯಿಂದ ಬಂದು ಶೆಡ್ಡುಗಳಲ್ಲಿ ನೆಲೆಸಿದ್ದ ಕುಟುಂಬಗಳಿಗೆ ಊರಿನ ಸಂಘಗಳೂ ದಾನಿಗಳೂ ಕಿಟ್ ಹಂಚಿದರು, ಅದನ್ನು ಇಲ್ಲವೆನ್ನುವಂತಿಲ್ಲ. ಆದರೆ ಐದು ಕೆಜಿ ಅಕ್ಕಿಯ ಚೀಲವನ್ನು ಕೊಡುವವರು ಏಳು ಮಂದಿ ಹಿಡಿದುಕೊಂಡು ಫೋಟೊ ತೆಗೆಸಿಕೊಳ್ಳುವುದನ್ನು ಕಂಡು ಮುಜುಗರವಾಗುತ್ತಿತ್ತು. ಏಪ್ರಿಲ್ ಕೊನೆಯಲ್ಲಿ ಆ ಕಾರ್ಮಿಕರಲ್ಲಿ ಹಲವರು ಸರಕಾರಿ ಬಸ್ಸುಗಳಲ್ಲಿ ಊರಿಗೆ ಹೋದರು. ಅವರು ಅರ್ಧಕ್ಕೆ ಬಿಟ್ಟುಹೋದ ಕಟ್ಟಡಗಳು ಮಳೆಗಾಲವಿಡೀ ಹಾಗೆಯೇ ನೆನೆದವು.

ಬಿಸುವಿನ ಬೆಳಿಗ್ಗೆ ಕಣಿ ನೋಡಿದೆವು. ಹಿಂದಿನ ರಾತ್ರಿ ಅಮ್ಮ ಬಾಳೆಲೆಯಲ್ಲಿ ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಗೊಂಚಲು ಸಮೇತ ಮಾವು, ಗೇರುಹಣ್ಣು, ಕನ್ನಡಿ, ತಮ್ಮ ಬಳೆ ಎಲ್ಲವನ್ನೂ ಜೋಡಿಸಿದ್ದರು. ಅಂಗಡಿಯಿಂದ ತರಬೇಕಾದದ್ದು ಅದರಲ್ಲಿ ಒಂದೂ ಇರಲಿಲ್ಲ. ಹತ್ತು ಗಂಟೆಗೆ ಟಿವಿಯಲ್ಲಿ ಪ್ರಧಾನಿಯವರು ಬಂದು ಲಾಕ್‌ಡೌನನ್ನು ಮೇ 3ರವರೆಗೆ ಮುಂದುವರಿಸಿದರು. ಅಮ್ಮನ ಲೆಕ್ಕ ಅಲ್ಲಿಗೆ ಮುಗಿಯಿತು. ಪಾಯಸ ಮುಗಿಸಿ ಹಿರಿಯರಿಗೆಲ್ಲ ಫೋನಿನಲ್ಲಿಯೇ ನಮಸ್ಕಾರ ಹೇಳಿದೆವು. ದೂರದರ್ಶನದಲ್ಲಿ ಮತ್ತೆ ಬರುತ್ತಿದ್ದ ರಾಮಾಯಣ, ಮೊಬೈಲ್‌ನಲ್ಲಿ ಹಳೆಯ ಯಕ್ಷಗಾನದ ವೀಡಿಯೊಗಳು, ಇವುಗಳಲ್ಲಿ ಸಂಜೆಗಳು ಕಳೆದವು. ಮೇ ಕೊನೆಯ ಪತ್ತನಾಜೆಯವರೆಗೆ ರಾತ್ರಿಯಿಡೀ ಕುಣಿಯಬೇಕಿದ್ದ ಮೇಳಗಳ ಕಲಾವಿದರು ಮಾರ್ಚ್‌ನಲ್ಲಿಯೇ ಗೆಜ್ಜೆ ಬಿಚ್ಚಿ ಮನೆ ಸೇರಿದ್ದರು. ದೈವಗಳ ಕೋಲ ಕಟ್ಟುವವರಿಗೂ ವರ್ಷದ ಸಂಪಾದನೆಯ ಕಾಲ ಹಾಗೆಯೇ ಸರಿದುಹೋಯಿತು.

ಈ ನಡುವೆ ಜಿಲ್ಲೆ ಹಸಿರಾಗಿತ್ತು. ಮಾರ್ಚ್ ಮುಗಿಯುವಾಗ ಮೂರು ಪ್ರಕರಣಗಳು, ಮೂವರೂ ಏಪ್ರಿಲ್‌ನಲ್ಲಿ ಗುಣವಾಗಿ ಮನೆಗೆ ಹೋದರು. ಉಡುಪಿಯ ಡಾ. ಟಿಎಂಎ ಪೈ ಆಸ್ಪತ್ರೆಯನ್ನು ಕೋವಿಡ್ ಆಸ್ಪತ್ರೆಯಾಗಿ ಮಾಡಿ ಸಿದ್ಧವಾಗಿ ಇಟ್ಟಿದ್ದರು. ಕೇಂದ್ರ ಸರಕಾರ ಜಿಲ್ಲೆಗಳನ್ನು ಕೆಂಪು, ಕಿತ್ತಳೆ, ಹಸಿರು ಎಂದು ವಿಂಗಡಿಸಿದಾಗ ಉಡುಪಿ ಹಸಿರು, ದಕ್ಷಿಣ ಕನ್ನಡ ಕಿತ್ತಳೆ. ನಮ್ಮವರ ಬೀಗುವಿಕೆಗೆ ಮಿತಿಯಿರಲಿಲ್ಲ. ಸ್ವಚ್ಛತೆ, ವಿದ್ಯೆ, ಶಿಸ್ತು, ಕೃಷ್ಣನ ಕೃಪೆ, ಕುಚ್ಚಲಕ್ಕಿ ಗಂಜಿ, ಹೀಗೆ ಕಾರಣಗಳ ಪಟ್ಟಿ ವಾಟ್ಸಾಪಿನಲ್ಲಿ ದಿನದಿನಕ್ಕೆ ಉದ್ದವಾಗುತ್ತಿತ್ತು. ಬಾಗಿಲು ಮುಚ್ಚಿದ್ದರಿಂದ ಒಳಗೆ ಯಾರೂ ಬಂದಿಲ್ಲ ಎಂಬ ಸರಳ ಕಾರಣವನ್ನು ಯಾರೂ ಬರೆದದ್ದು ನೋಡಲಿಲ್ಲ.

ಆ ಬಾಗಿಲಿನ ಹೊರಗೆ ನಮ್ಮ ಅಣ್ಣನಿದ್ದ. ಮುಂಬೈಯ ಉಪನಗರವೊಂದರಲ್ಲಿ ಬಾಡಿಗೆಗೆ ಕ್ಯಾಂಟೀನ್ ನಡೆಸುವವನು. ಹೆಂಡತಿ, ಮಗಳು ಊರಿನಲ್ಲಿ ನಮ್ಮ ಜೊತೆ. ಮಾರ್ಚ್ ಮೂರನೆಯ ವಾರದಲ್ಲಿ ವ್ಯಾಪಾರ ನಿಂತಾಗ ಅವನೂ ಊರ ಕಡೆಯ ನಾಲ್ಕಾರು ಹುಡುಗರೂ ಕ್ಯಾಂಟೀನಿನೊಳಗೇ ಉಳಿದುಬಿಟ್ಟರು. ಹಗಲು ಬೆಂಚುಗಳ ಮೇಲೆ ಕುಳಿತು, ರಾತ್ರಿ ಅದೇ ಬೆಂಚುಗಳನ್ನು ಜೋಡಿಸಿ ಮಲಗಿ, ಉಳಿದಿದ್ದ ಅಕ್ಕಿ ಬೇಳೆಯಲ್ಲಿ ದಿನ ದೂಡಿದರು. ಸಂಜೆ ವೀಡಿಯೊ ಕರೆಯಲ್ಲಿ ಅವನು ಹಿತ್ತಿಲು ತೋರಿಸಿ ಎನ್ನುತ್ತಿದ್ದ, ನಾವು ಕೊಂಡೊಯ್ದು ತೋರಿಸುತ್ತಿದ್ದೆವು. ಏಪ್ರಿಲ್ ಇಡೀ ಹೀಗೆ. ಮೇ ಆರಂಭದಲ್ಲಿ ಹೊರ ರಾಜ್ಯದವರಿಗೆ ರಾಜ್ಯ ಸರಕಾರದ ಸೇವಾ ಸಿಂಧು ಪೋರ್ಟಲಿನ ಮೂಲಕ ಪಾಸ್ ಕೊಡಲು ಶುರುಮಾಡಿದಾಗ ಅರ್ಜಿ ಹಾಕಿದೆವು. ಪಾಸ್ ಬಂತು, ಊರಿನವರೇ ಸೇರಿ ಬಸ್ಸು ಗೊತ್ತುಮಾಡಿದರು, ಮಾಮೂಲಿಗಿಂತ ಹಲವು ಪಟ್ಟು ಹೆಚ್ಚು ಬಾಡಿಗೆ ಕೊಟ್ಟು ಮೇ ಎರಡನೆಯ ವಾರದಲ್ಲಿ ಶಿರೂರು ಗಡಿ ದಾಟಿ ಬಂದರು. ಇನ್ನೊಂದು ವಾರ ತಡವಾಗಿದ್ದರೆ ಬರಲಾಗುತ್ತಿರಲಿಲ್ಲ. ಮೇ 18ರಂದು ರಾಜ್ಯ ಸರಕಾರ ಮಹಾರಾಷ್ಟ್ರದಿಂದ ಬರುವವರಿಗೆ ಪ್ರವೇಶವನ್ನೇ ನಿಲ್ಲಿಸಿತು.

ಬಂದವರನ್ನು ಮನೆಗೆ ಬಿಡುವಂತಿಲ್ಲ, ಸಾಂಸ್ಥಿಕ ಕ್ವಾರಂಟೈನ್. ಅಣ್ಣನ ಪಾಲಿಗೆ ಬಂದದ್ದು ಸಮೀಪದ ಒಂದು ಸರಕಾರಿ ಶಾಲೆ. ಚಿಕ್ಕ ಮಕ್ಕಳಿಗಾಗಿ ಕಟ್ಟಿದ ಶೌಚಾಲಯಗಳು, ಬೆಂಚುಗಳನ್ನು ಮೂಲೆಗೆ ಸರಿಸಿ ಹಾಸಿದ ಚಾಪೆಗಳು, ಸೆಕೆಗೆ ತಿರುಗುವ ಒಂದೇ ಫ್ಯಾನು, ಮೇ ತಿಂಗಳಲ್ಲಿ ಆಳಕ್ಕಿಳಿದ ಬಾವಿಯ ನೀರು. ಊಟದ ವ್ಯವಸ್ಥೆ ಇತ್ತು, ಆದರೂ ಮನೆಯಿಂದ ಕಳುಹಿಸದೆ ಅಮ್ಮನಿಗೆ ನಿದ್ದೆಯಿಲ್ಲ. ಒಳಗೆ ಹೋದ ಪಾತ್ರೆ ಹೊರಗೆ ಬರುವಂತಿಲ್ಲವೆಂದು ಅಲ್ಲಿದ್ದವರು ಹೇಳಿದ್ದರಿಂದ ಗಂಜಿಯನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ, ಪಲ್ಯ, ಚಟ್ನಿಗಳನ್ನು ಬಾಡಿಸಿದ ಬಾಳೆಲೆಯಲ್ಲಿ ಕಟ್ಟಿ, ಕಾಂಪೌಂಡ್ ಗೋಡೆಯ ಮೇಲೆ ಇಟ್ಟು ಹಿಂದೆ ಸರಿದು ನಿಲ್ಲುತ್ತಿದ್ದೆ. ಅಣ್ಣ ಬಂದು ಎತ್ತಿಕೊಳ್ಳುತ್ತಿದ್ದ. ಇಬ್ಬರೂ ರಸ್ತೆಯ ಅಗಲದಷ್ಟು ದೂರದಲ್ಲಿ ನಿಂತು ಕೂಗಿ ಮಾತಾಡುತ್ತಿದ್ದೆವು, ಆದ್ದರಿಂದ ನಮ್ಮ ಮನೆಯ ಸಾಲದ ಲೆಕ್ಕ ಆ ಬೀದಿಗೆಲ್ಲ ತಿಳಿಯಿತು. ಆಶಾ ಕಾರ್ಯಕರ್ತೆಯರು ದಿನಾ ಬಂದು ಜ್ವರ ನೋಡುತ್ತಿದ್ದರು. ಆ ಮೇ ತಿಂಗಳಲ್ಲಿ ನಿಜವಾಗಿ ಕೆಲಸ ಮಾಡಿದವರು ಯಾರೆಂದು ನನ್ನನ್ನು ಕೇಳಿದರೆ ಆ ಹೆಂಗಸರನ್ನು ಮೊದಲು ತೋರಿಸುತ್ತೇನೆ. ಅವರಿಗೆ ಸಿಗುತ್ತಿದ್ದ ಗೌರವಧನದ ಮೊತ್ತವನ್ನು ಹೇಳಲು ನಾಚಿಕೆಯಾಗುತ್ತದೆ.

ಊರಿನ ಮುಖ ಬದಲಾದದ್ದು ಆಗ. ಶಾಲೆಯ ಸುತ್ತಲಿನ ಮನೆಗಳವರು ಇಲ್ಲಿ ಬೊಂಬಾಯಿಯವರನ್ನು ಇಡಬಾರದು ಎಂದು ತಕರಾರು ಎತ್ತಿದರು. ನಮಗೆ ವರ್ಷಗಳಿಂದ ಹಾಲು ಕೊಡುತ್ತಿದ್ದ ಮನೆಯವರು, ಕರು ಜಾಸ್ತಿ ಕುಡಿಯುತ್ತದೆ, ಇನ್ನು ಕೊಡಲಾಗುವುದಿಲ್ಲ ಎಂದು ಹೇಳಿಕಳುಹಿಸಿದರು. ಅಣ್ಣ ಬಂದ ಸುದ್ದಿ ತಿಳಿದ ಮರುದಿನವೇ ಆ ಕರುವಿಗೆ ಹಸಿವು ಹೆಚ್ಚಾದದ್ದು. ಅಂಗಡಿಯಲ್ಲಿ ನನ್ನ ಚೀಲ ಉಳಿದ ಚೀಲಗಳಿಂದ ಬೇರೆಯಾಗಿ ಹೊರಗಿನ ಕಟ್ಟೆಯ ಮೇಲೆ ಇರತೊಡಗಿತು. ಮೇ ಮಧ್ಯದಿಂದ ಜಿಲ್ಲೆಯಲ್ಲಿ ಪ್ರಕರಣಗಳು ಏರತೊಡಗಿ ಜೂನ್ ಮೊದಲ ವಾರದಲ್ಲಿ ಉಡುಪಿಯದ್ದೇ ರಾಜ್ಯದಲ್ಲಿ ಅತಿ ಹೆಚ್ಚಿನ ಸಂಖ್ಯೆಯಾಯಿತು. ಅವರಲ್ಲಿ ಬಹುಪಾಲು ಮಹಾರಾಷ್ಟ್ರದಿಂದ ಬಂದು ಕ್ವಾರಂಟೈನ್‌ನಲ್ಲಿದ್ದವರು, ಹೆಚ್ಚಿನವರಿಗೆ ರೋಗದ ಲಕ್ಷಣವೇ ಇರಲಿಲ್ಲ. ಊರಿನೊಳಗೆ ಹರಡುವ ಮೊದಲೇ ಶಾಲೆಗಳಲ್ಲಿ ತಡೆದು ಪರೀಕ್ಷಿಸಿದ್ದರಿಂದ ಬಂದ ಸಂಖ್ಯೆ ಅದು, ಅಂದರೆ ವ್ಯವಸ್ಥೆ ಕೆಲಸ ಮಾಡಿದ್ದರ ಗುರುತು. ಆದರೆ ಹಸಿರನ್ನು ಕೆಡಿಸಿದವರು ಎಂಬ ಹೆಸರು ಅವರಿಗೆ ಬಂತು.

ಇದರಲ್ಲಿ ನನಗೆ ಸಿಟ್ಟು ಬರುವುದು ಭಯದ ಬಗ್ಗೆ ಅಲ್ಲ. ಭಯ ಎಲ್ಲರಿಗೂ ಇತ್ತು, ನನಗೂ ಇತ್ತು. ನಮ್ಮ ಸುತ್ತಿನ ಯಾವ ದೇವಸ್ಥಾನಕ್ಕೆ ಹೋದರೂ, ಯಾವ ದೈವಸ್ಥಾನದ ಅಂಗಳದಲ್ಲಿ ನಿಂತರೂ, ಗೋಡೆಯ ಅಮೃತಶಿಲೆಯ ಮೇಲೆ ದಾನಿಗಳ ಹೆಸರಿನ ಮುಂದೆ ಮುಂಬೈ ಎಂದು ಕೆತ್ತಿರುತ್ತದೆ. ಬ್ರಹ್ಮಕಲಶದ ಹೊರೆಕಾಣಿಕೆಗೆ, ಮೇಳದ ಹರಕೆಯಾಟಕ್ಕೆ, ಶಾಲೆಯ ಹೊಸ ಕೋಣೆಗೆ, ಯುವಕ ಮಂಡಲದ ಸಮವಸ್ತ್ರಕ್ಕೆ ಸಮಿತಿಯವರು ಮೊದಲು ಹೋಗುವುದು ಮುಂಬೈಗೆ. ಮನಿಯಾರ್ಡರಿನ ಕಾಲದಿಂದ ಇಲ್ಲಿಯ ಗದ್ದೆ ಮನೆಗಳನ್ನು ನಡೆಸಿದ್ದು ಅಲ್ಲಿಯ ಹೊಟೇಲುಗಳ ದುಡಿಮೆ. ಅಣ್ಣ ಮಲಗಿದ್ದ ಆ ಶಾಲೆಯ ಕಟ್ಟಡಕ್ಕೂ ಮುಂಬೈಯ ದಾನಿಯೊಬ್ಬರ ಹೆಸರಿನ ಫಲಕವಿತ್ತು. ದುಡ್ಡು ಬರುವಾಗ ಯಾವ ಗಡಿಯಲ್ಲಿಯೂ ತಪಾಸಣೆ ಇರಲಿಲ್ಲ.

ಅಣ್ಣನ ಪರೀಕ್ಷೆಯ ಫಲಿತಾಂಶ ನೆಗೆಟಿವ್ ಬಂತು, ಮನೆಗೆ ಬಂದ, ಮೇಲಿನ ಕೋಣೆಯಲ್ಲಿ ಇನ್ನಷ್ಟು ದಿನ ಒಬ್ಬನೇ ಉಳಿದ. ಜೂನ್‌ನಲ್ಲಿ ಮಳೆ ಹಿಡಿಯಿತು. ಮೂವತ್ತು ವರ್ಷಗಳಲ್ಲಿ ಮೊದಲ ಬಾರಿಗೆ ಅವನು ಇಡೀ ಮಳೆಗಾಲ ಊರಿನಲ್ಲಿದ್ದ. ಬೇಸಾಯವಿಲ್ಲದೆ ಹಡಿಲು ಬಿದ್ದಿದ್ದ ಗದ್ದೆಯನ್ನು ಅವನೂ ಕ್ಯಾಂಟೀನಿನ ಹುಡುಗರೂ ಸೇರಿ ಉತ್ತು ನೇಜಿ (ಭತ್ತದ ಸಸಿ) ನೆಟ್ಟರು. ಆ ವರ್ಷ ನಮ್ಮ ಸುತ್ತಿನಲ್ಲಿ ಹೀಗೆ ಹಸಿರಾದ ಗದ್ದೆಗಳು ಕೆಲವಿದ್ದವು, ಎಲ್ಲವೂ ಊರಿಗೆ ಮರಳಿದವರ ಕೈಯವು. ಹಾಲಿನ ಮನೆಯವರ ಕರುವಿನ ಹಸಿವು ಜುಲೈ ಹೊತ್ತಿಗೆ ಇಳಿಯಿತು, ಹಾಲು ಮತ್ತೆ ಬರತೊಡಗಿತು, ಯಾರೂ ಏನೂ ಮಾತಾಡಲಿಲ್ಲ.

ಅಕ್ಟೋಬರ್ 5ರಿಂದ ಮಹಾರಾಷ್ಟ್ರದಲ್ಲಿ ಅರ್ಧದಷ್ಟು ಗಿರಾಕಿಗಳೊಂದಿಗೆ ಹೊಟೇಲು ತೆರೆಯಬಹುದೆಂಬ ಅನುಮತಿ ಸಿಕ್ಕಿದಾಗ ಅಣ್ಣ ಹೊರಟ. ಹುಡುಗರಲ್ಲಿ ಇಬ್ಬರು ಜೊತೆಗೆ ಹೋಗಲಿಲ್ಲ. ಒಬ್ಬ ಮಲ್ಪೆಯಲ್ಲಿ ಬೋಟಿನ ಕೆಲಸಕ್ಕೆ ಸೇರಿದ, ಇನ್ನೊಬ್ಬ ಹೆದ್ದಾರಿ ಬದಿಯಲ್ಲಿ ಬೊಂಡ (ಎಳನೀರು) ಮಾರುತ್ತಾನೆ. ಕ್ಯಾಂಟೀನಿನ ಬಾಕಿ ಬಾಡಿಗೆಯ ಚೌಕಾಶಿ ಮುಗಿದು ವ್ಯಾಪಾರ ಒಂದು ದಾರಿಗೆ ಬರುವಾಗ ವರ್ಷ ಮುಗಿದಿತ್ತು. ಮುಂದೂಡಿದ್ದ ಬ್ರಹ್ಮಕಲಶದ ದೇಣಿಗೆಯ ಪಟ್ಟಿ ಸಮಿತಿಯವರಿಂದ ಅವನ ವಾಟ್ಸಾಪಿಗೆ ಬಂದದ್ದು ಆಮೇಲೆ, ಕಳುಹಿಸಿದವರು ಶಾಲೆಯ ಎದುರು ತಕರಾರು ಎತ್ತಿದವರಲ್ಲಿ ಒಬ್ಬರು. ಅಣ್ಣ ಕೊಟ್ಟ. ಕೊಡಬಾರದಿತ್ತು ಎಂದು ನನ್ನ ಅಭಿಪ್ರಾಯ; ಅಮ್ಮನದು ಹಾಗಲ್ಲ.